ಮೂರನೆಯ ಕಿಟಕಿಯ ಗಿಟಾರು

ನನ್ನ ದೊಡ್ಡಮ್ಮ ಇಪ್ಪತ್ತಾರು ವರ್ಷ ನೀರು ಸರಬರಾಜು ಕಚೇರಿಯ ಮೂರನೆಯ ಕಿಟಕಿಯ ಹಿಂದೆ ಕೂತಿದ್ದರು. ಹೊಸ ನಲ್ಲಿಗೆ ಅರ್ಜಿ ಹಾಕಿದವರು ಅದು ಎಲ್ಲಿಯವರೆಗೆ ಬಂತು ಎಂದು ವಿಚಾರಿಸಲು ಬರುವ ಕಿಟಕಿ ಅದು. ಗಾಜಿನಲ್ಲಿ ಬಾಯಿಯ ಮಟ್ಟಕ್ಕೆ ಒಂದಷ್ಟು ಸಣ್ಣ ತೂತುಗಳು, ಕೆಳಗೆ ಕಾಗದ ತೂರಿಸಲು ಅರ್ಧಚಂದ್ರದ ಆಕಾರದ ಕಂಡಿ. ಗಾಜು ಹಳೆಯದಾಗಿ ಹಸಿರುಗಟ್ಟಿತ್ತು. ಮನೆಯಲ್ಲಿ ತೊಟ್ಟು ನೀರಿಲ್ಲದೆ ಬಂದವರಿಗೆ ದೊಡ್ಡಮ್ಮ ಆಳವಾದ ಕೊಳವೊಂದರ ತಳದಲ್ಲಿ ತಣ್ಣಗೆ ಕೂತವರಂತೆ ಕಾಣುತ್ತಿದ್ದರು.

ದೊಡ್ಡಮ್ಮನಿಗೂ ಹೊರಗಿನ ಮುಖಗಳು ಮಸುಕು. ಕಂಡಿಯಲ್ಲಿ ಒಳಗೆ ಬರುವ ಕೈಗಳು ಮಾತ್ರ ಸ್ಪಷ್ಟ. ಹೀಗಾಗಿ ಬೀದಿಯಲ್ಲಿ ಯಾರು ನಕ್ಕರೂ ಗುರುತು ಸಿಗುತ್ತಿರಲಿಲ್ಲ. ಟೊಮೆಟೊ ಆರಿಸುವ ಕೈ ನೋಡಿದರೆ ಸಾಕು, ಇವರದು ಮೂರು ವರ್ಷದ ಹಿಂದಿನ ಅರ್ಜಿ, ಮೂಲೆಮನೆ, ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ಊರಿನವರು ಅವರನ್ನು ಎದುರಿಗೆ ಮೇಡಂ ಎಂದೂ ಬೆನ್ನ ಹಿಂದೆ ಕಿಟಕಿಯಮ್ಮ ಎಂದೂ ಕರೆಯುತ್ತಿದ್ದರು.

ಆ ಕೆಲಸಕ್ಕೆ ಬೇಕಾದ ವಿದ್ಯೆ ಒಂದು ರಟ್ಟಿನ ಚೂರಿನಲ್ಲಿ ಮುಗಿದಿತ್ತು. ಹಿಂದಿದ್ದ ಗುಮಾಸ್ತರು ನಿವೃತ್ತರಾದ ದಿನ ಬೀರುವಿನ ಬೀಗದ ಕೈಯ ಜೊತೆ ಅದನ್ನೂ ದೊಡ್ಡಮ್ಮನಿಗೆ ಒಪ್ಪಿಸಿ, ಇಷ್ಟಿದ್ದರೆ ಒಂದು ಆಯುಷ್ಯ ಸಾಗುತ್ತದೆ ಎಂದಿದ್ದರಂತೆ. ಅದರಲ್ಲಿ ಹನ್ನೊಂದು ವಾಕ್ಯಗಳಿದ್ದವು. ನಿಮ್ಮ ಅರ್ಜಿ ತಲುಪಿದೆ. ಪರಿಶೀಲನೆಯಲ್ಲಿದೆ. ನಿಮ್ಮ ಕಡೆಯಿಂದ ಎಲ್ಲ ಸರಿಯಾಗಿದೆ. ಸಾಹೇಬರು ಸ್ಥಳ ನೋಡಲು ಹೋಗಿದ್ದಾರೆ. ಮೇಲಿನವರ ಅಭಿಪ್ರಾಯ ಕೇಳಿದ್ದೇವೆ. ಆಗೋದೇ ಇಲ್ಲ ಅಂತ ನಾನು ಹೇಳ್ತಿಲ್ಲ. ಹೀಗೆ ಸಾಗಿ ಕೊನೆಯದು, ಮುಂದಿನ ವಾರ ಬನ್ನಿ. ಇರುವುದು ಹನ್ನೊಂದೇ ಆದರೂ ದೊಡ್ಡಮ್ಮ ಅವನ್ನು ಒಂದೇ ವರಸೆಯಲ್ಲಿ ಎರಡು ಸಲ ಹೇಳಿದವರಲ್ಲ. ಸಿಟ್ಟಾದವರಿಗೆ ಒಂದು ಕ್ರಮ, ಅಳುವವರಿಗೆ ಒಂದು ಕ್ರಮ, ಪರಿಚಯಸ್ಥರ ಹೆಸರು ಹೇಳಿಕೊಂಡು ಬರುವವರಿಗೆ ಬೇರೆಯೇ. ಕೊನೆಯ ವಾಕ್ಯಕ್ಕೆ ಮುಂಚೆ ಅವರು ಒಂದು ಉಸಿರಿನಷ್ಟು ಸುಮ್ಮನಾಗುತ್ತಿದ್ದರು. ಆ ಉಸಿರಿನಲ್ಲಿ ಎಂಥವರಿಗೂ ಇನ್ನೇನು ಒಳ್ಳೆಯ ಸುದ್ದಿ ಬಂತು ಎನಿಸುತ್ತಿತ್ತು. ಜನ ಬೈದುಕೊಂಡು ಹೋದದ್ದಿಲ್ಲ. ಏನೋ ಸಿಕ್ಕಿದವರಂತೆ ಮೆಟ್ಟಿಲಿಳಿದು ಹೋಗುತ್ತಿದ್ದರು; ಬಸ್‌ಸ್ಟಾಪಿಗೆ ಬಂದ ಮೇಲೆ ಕೈ ಖಾಲಿ ಎಂದು ಗೊತ್ತಾಗುತ್ತಿತ್ತು.

ಐವತ್ತೊಂದನೆಯ ವಯಸ್ಸಿನಲ್ಲಿ ದೊಡ್ಡಮ್ಮ ಒಂದು ಸಂಜೆ ದೊಡ್ಡಪ್ಪ ತಂದು ಮರೆತಿದ್ದ ಪುಸ್ತಕವನ್ನು ಹಿಂದಿರುಗಿಸಲು ಗ್ರಂಥಾಲಯಕ್ಕೆ ಹೋದರು. ಓದುವ ಕೋಣೆಯಲ್ಲಿ ಮೂರು ಮಂದಿ ಮುನ್ನೂರು ವರ್ಷ ಹಳೆಯ ಸಂಗೀತ ನುಡಿಸುತ್ತಿದ್ದರು. ಬರೋಕ್ ಎಂದು ಅದರ ಹೆಸರು. ರಾಜರು ಊಟ ಮಾಡುವಾಗಲೂ ಪಾದ್ರಿಗಳು ಮಾತು ನಿಲ್ಲಿಸಿದಾಗಲೂ ನುಡಿಸುತ್ತಿದ್ದದ್ದಂತೆ. ಕೇಳುಗರು ಹನ್ನೊಂದು ಜನ, ಅದರಲ್ಲಿ ನಾಲ್ವರು ಫ್ಯಾನಿನ ಗಾಳಿಗೆ ಬಂದವರು. ಕೊಳಲು ನುಡಿಸುವವರ ಎದುರಿನ ಹಾಳೆಯಲ್ಲೂ ದೊಡ್ಡ ಪಿಟೀಲಿನಂಥ ಚೆಲ್ಲೋ ನುಡಿಸುವವರ ಎದುರಿನ ಹಾಳೆಯಲ್ಲೂ ಸ್ವರಗಳು ಇರುವೆ ಮುತ್ತಿದಂತೆ ಕಪ್ಪಾಗಿದ್ದವು. ಗಿಟಾರ್ ಹಿಡಿದ ತರುಣನ ಹಾಳೆಯಲ್ಲಿ ಒಂದೇ ಸಾಲು. ಹೆಬ್ಬೆರಳಿಗೆ ಬೇಕಾದ ಬೇಸ್, ಅಂದರೆ ತಳದ ಮಂದ್ರ ಸ್ವರಗಳು ಮಾತ್ರ. ಮೇಲಿನದ್ದೆಲ್ಲ ಅವನು ಅಲ್ಲೇ, ಆಶುವಾಗಿ ಹುಟ್ಟಿಸಿಕೊಳ್ಳುತ್ತಿದ್ದ. ಜನ ಅವನ ಮುಖವನ್ನೇ ನೋಡುತ್ತ, ಮುಂದೇನು ಎಂದು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದರು.

ದೊಡ್ಡಮ್ಮ ಪುಸ್ತಕ ಕೊಡುವುದನ್ನೂ ಮರೆತು ಮನೆಗೆ ಬಂದರು. ಅವರಿಗೆ ಬೇಕಾದದ್ದು ಏನೆಂದು ನನಗೊಬ್ಬಳಿಗೇ ಹೇಳಿದ್ದರು. ಒಂದು ಸಲ, ಗಾಜಿಲ್ಲದೆ, ಜನರ ಎದುರು ಕೂರಬೇಕು. ಅವರು ಕಾಯಬೇಕು, ಆದರೆ ಸಂಕಟದಿಂದಲ್ಲ.

ಎರಡು ತಿಂಗಳಿಗೆ ಆ ತರುಣ ಬೇರೆ ಊರಿಗೆ ಹೋದ. ಗ್ರಂಥಾಲಯದ ಫಲಕದಲ್ಲಿ ಒಂದು ಚೀಟಿ ಬಂತು: ಬೇಸ್ ಸಾಲು ಮಾತ್ರ ನೋಡಿ ಆಶುವಾಗಿ ನುಡಿಸಬಲ್ಲ ಗಿಟಾರ್ ವಾದಕರು ಬೇಕಾಗಿದ್ದಾರೆ. ದೊಡ್ಡಮ್ಮ ಅಟ್ಟದಿಂದ ತಮ್ಮ ಕಾಲೇಜು ದಿನಗಳ ಗಿಟಾರ್ ಇಳಿಸಿ ಧೂಳು ಕೊಡವಿದರು. ಆಗ ಎಂಟು ವರ್ಷ ಕಲಿತಿದ್ದರು, ಚೆನ್ನಾಗಿಯೇ ನುಡಿಸುತ್ತಿದ್ದರು. ಆದರೆ ಬರೆದದ್ದನ್ನು ಮಾತ್ರ. ಹಾಳೆ ಹಾರಿಹೋದರೆ ಅಲ್ಲಿಗೆ ಸಂಗೀತವೂ ಹಾರಿಹೋಯಿತು.

ದೊಡ್ಡಪ್ಪ ಬಸ್ ಡಿಪೋದಲ್ಲಿ ಟೈಮ್‌ಕೀಪರ್. ಬಸ್ಸು ನಾಲ್ಕು ನಿಮಿಷ ತಡವಾದರೆ ಬರೆದಿಡುವುದು ಅವರ ವೃತ್ತಿ. ಊಟ ನಾಲ್ಕು ನಿಮಿಷ ತಡವಾದರೆ ಹೇಳಿ ತೋರಿಸುವುದು ಅವರ ಸ್ವಭಾವ. ಗಿಟಾರ್ ಇಳಿದ ಮೊದಲ ವಾರವೇ ಅವರು ತಟ್ಟೆಯ ಮುಂದೆ ಕೂತು, "ಅಲ್ವೇ, ಕಿಟಕೀಲಿ ಅಷ್ಟು ಜನರನ್ನ ಕಾಯಿಸೋದು ಸಾಲದು ಅಂತ ಈಗ ಮನೇಲೂ ಕ್ಯೂ ಶುರು ಮಾಡಿದ್ಯಾ?" ಎಂದರು. ದೊಡ್ಡಮ್ಮ ಒಳಗಿನಿಂದಲೇ, ನಿಮ್ಮ ಅರ್ಜಿ ತಲುಪಿದೆ ಎಂದು ಉತ್ತರಿಸಿದರು.

ಈ ವಿದ್ಯೆ ಕಲಿಸುವ ಮೇಷ್ಟ್ರು ಇಡೀ ಊರಿಗೆ ಒಬ್ಬರೇ. ಇಸ್ತ್ರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಇರುತ್ತಿದ್ದರು. ಕೆಳಗಿನ ಆವಿ ಹಲಗೆಯ ಸಂದಿಯಿಂದ ಮೇಲೆ ಬಂದು ಗಿಟಾರಿನ ಮರ ಉಬ್ಬಿ, ಅರ್ಧ ಪಾಠ ಶ್ರುತಿ ಸರಿಮಾಡುವುದರಲ್ಲೇ ಕಳೆಯುತ್ತಿತ್ತು. ಲೋಕದಲ್ಲಿ ಒಳ್ಳೆಯದೆಲ್ಲ ಇನ್ನೂರೆಪ್ಪತ್ತು ವರ್ಷದ ಹಿಂದೆಯೇ ಮುಗಿಯಿತು ಎಂಬುದು ಅವರ ಅಭಿಪ್ರಾಯ. ಆಮೇಲೆ ಹುಟ್ಟಿದವರ ಬಗ್ಗೆ, ತಮ್ಮನ್ನೂ ಸೇರಿಸಿ, ಅವರಿಗೆ ಕನಿಕರವಿತ್ತು. ಸ್ವಂತಿಕೆಯನ್ನು ಅವರು ಬಹಳ ಶಿಸ್ತಿನಿಂದ ಕಲಿಸುತ್ತಿದ್ದರು. ಸೋಮವಾರ ಇಳಿಯುವ ಬೇಸ್, ಬುಧವಾರ ಏರುವ ಬೇಸ್, ಶುಕ್ರವಾರ ಐದರಿಂದ ಐದೂ ನಲವತ್ತರವರೆಗೆ ಸ್ವಾತಂತ್ರ್ಯ. ಗೋಡೆಯ ಮೇಲೆ ಹಾಗೆಂದೇ ಬರೆದು ಅಂಟಿಸಿದ್ದರು.

ಹಳೆಯ ಕಾಲದವರು ಶೂನ್ಯದಿಂದ ಏನನ್ನೂ ಸೃಷ್ಟಿಸುತ್ತಿರಲಿಲ್ಲ ಎಂದು ಮೇಷ್ಟ್ರು ಮೊದಲ ದಿನವೇ ಹೇಳಿದರು. ಅವರ ಬಳಿ ಸಿದ್ಧ ತುಣುಕುಗಳ ಒಂದು ಗಂಟು ಇರುತ್ತಿತ್ತು. ಬೇಸ್ ಒಂದು ಮೆಟ್ಟಿಲು ಇಳಿದರೆ ಮೇಲೆ ಇದು, ಎರಡು ಹಾರಿದರೆ ಅದು. ಸ್ವರಗಳ ನಡುವಿನ ಖಾಲಿ ಜಾಗ ತುಂಬಲು ಓಡುವ ಚಿಕ್ಕ ಸ್ವರಗಳು, ಅಲ್ಲಲ್ಲಿ ನಡುಕದ ಅಲಂಕಾರ. ಎರಡು ಉಪಾಯಗಳನ್ನು ಮಾತ್ರ ಅವರು ದನಿ ತಗ್ಗಿಸಿ ಹೇಳಿಕೊಟ್ಟರು. ಒಂದು, ತಡೆಹಿಡಿದ ಸ್ವರ: ಉಳಿದವೆಲ್ಲ ಮುಂದೆ ಹೋದ ಮೇಲೂ ಒಂದು ಸ್ವರವನ್ನು ಹಿಂದೆಯೇ ನಿಲ್ಲಿಸಿಕೊಳ್ಳುವುದು, ಅದು ಚುಚ್ಚುತ್ತದೆ, ಆಮೇಲೆ ಒಂದು ಮೆಟ್ಟಿಲು ಇಳಿದು ಸಮಾಧಾನವಾಗುತ್ತದೆ. ಇನ್ನೊಂದು, ಹುಸಿ ಮುಕ್ತಾಯ: ಮುಗಿಯಿತು ಎಂದು ಕೇಳುವವರು ಉಸಿರು ಬಿಡುವಷ್ಟರಲ್ಲಿ ಬೇರೆ ದಾರಿಗೆ ತಿರುಗಿಬಿಡುವುದು.

ಒಂಬತ್ತು ತಿಂಗಳಲ್ಲಿ ದೊಡ್ಡಮ್ಮ ಅರವತ್ತನಾಲ್ಕು ತುಣುಕುಗಳನ್ನು ಬಾಯಿಪಾಠ ಮಾಡಿದರು. ಸೋಮವಾರ, ಬುಧವಾರ ಅವರಷ್ಟು ಚೆನ್ನಾಗಿ ಯಾರೂ ಒಪ್ಪಿಸುತ್ತಿರಲಿಲ್ಲ. ಶುಕ್ರವಾರದ ಸ್ವಾತಂತ್ರ್ಯ ಬಂದರೆ ಮಾತ್ರ ಕೈ ಕಲ್ಲಾಗುತ್ತಿತ್ತು. ಬೇಸ್ ನಡೆಯುತ್ತಲೇ ಇರುತ್ತಿತ್ತು, ಮೇಲೆ ಏನೂ ಇಲ್ಲ. ಛಾವಣಿ ಹಾಕದ ಮನೆ. ಕೊನೆಗೆ ಅವರು ಗುರುವಾರವೇ ಮನೆಯಲ್ಲಿ ಕೂತು ಶುಕ್ರವಾರದ ಸ್ವಾತಂತ್ರ್ಯವನ್ನು ಬರೆದು, ಕಂಠಪಾಠ ಮಾಡಿ, ಮೇಷ್ಟ್ರ ಎದುರು ಆಗತಾನೇ ಹೊಳೆದಂತೆ ಕಣ್ಣುಮುಚ್ಚಿ ನುಡಿಸತೊಡಗಿದರು. ಮೇಷ್ಟ್ರು ಬಹಳ ಸಂತೋಷಪಟ್ಟರು. ಮೂರನೆಯ ಶುಕ್ರವಾರ, ಹಿಂದಿನ ವಾರ ಎಡವಿದ ಜಾಗದಲ್ಲೇ ದೊಡ್ಡಮ್ಮ ಮತ್ತೆ ಅದೇ ರೀತಿ ಎಡವಿದಾಗ ಗುಟ್ಟು ಹೊರಬಿತ್ತು.

ಮೇಷ್ಟ್ರು ಗದರಲಿಲ್ಲ. ಗಿಟಾರನ್ನು ಗೋಡೆಗೆ ಒರಗಿಸಿ, ಹಗಲೆಲ್ಲ ನೀವು ಮಾಡುವ ಕೆಲಸ ಏನು ಎಂದು ಕೇಳಿದರು. ದೊಡ್ಡಮ್ಮ ನಾಚಿಕೆಯಿಂದಲೇ ಹನ್ನೊಂದು ವಾಕ್ಯಗಳ ಬಗ್ಗೆ ಹೇಳಿದರು.

"ನಾನೇ ಬಂದಿದ್ದೀನಿ ಅಂದ್ಕೊಳ್ಳಿ. ಎರಡು ವರ್ಷ ಆಯ್ತು, ನೀರು ಬಂದಿಲ್ಲ. ಹೇಳಿ," ಎಂದರು ಮೇಷ್ಟ್ರು.

ದೊಡ್ಡಮ್ಮ ಹೇಳಿದರು. ಮೇಷ್ಟ್ರು ಜಗಳ ತೆಗೆದರು, ಗೋಗರೆದರು, ಮಂತ್ರಿಗಳ ಪರಿಚಯವಿದೆ ಎಂದರು. ದೊಡ್ಡಮ್ಮನ ವಾಕ್ಯಗಳು ತಾವಾಗಿ ಜಾಗ ಬದಲಿಸಿಕೊಂಡು, ಅಲ್ಲಿ ಸ್ವಲ್ಪ ಎಳೆದು ಇಲ್ಲಿ ಸ್ವಲ್ಪ ತಗ್ಗಿ, ಬರುತ್ತಲೇ ಇದ್ದವು. ಮೇಷ್ಟ್ರ ಪಾದ ತಾಳ ಹಾಕತೊಡಗಿತ್ತು. ಕೊನೆಗೆ ಆ ಒಂದು ಉಸಿರಿನ ಮೌನ ಬಂತು, ಮೇಷ್ಟ್ರು ಸಂತೋಷದಿಂದ ಮುಂದಕ್ಕೆ ಬಾಗಿದರು. ಮುಂದಿನ ವಾರ ಬನ್ನಿ ಎಂದರು ದೊಡ್ಡಮ್ಮ.

"ಹುಸಿ ಮುಕ್ತಾಯ," ಎಂದರು ಮೇಷ್ಟ್ರು ಮೆಲ್ಲಗೆ. ಅವರ ಕಣ್ಣು ಒದ್ದೆಯಾಗಿತ್ತು. "ಅಮ್ಮಾ, ನೀವು ಇಪ್ಪತ್ತಾರು ವರ್ಷದಿಂದ ಇದನ್ನೇ ಮಾಡ್ತಾ ಇದ್ದೀರಿ. ನಾನೇನು ಕಲಿಸಲಿ? ಕೈಗೆ ಹೇಳಿ, ಬಾಯಿ ಮಾಡಿದ್ದನ್ನೇ ಮಾಡು ಅಂತ."

ಅಂದಿನಿಂದ ದೊಡ್ಡಮ್ಮನ ಕೈ ಸಡಿಲಾಯಿತು. ಬೇಸ್ ಎಂದರೆ ಇಲಾಖೆಯ ನಿಯಮ, ಅದು ತನ್ನ ಪಾಡಿಗೆ ಕೆಳಗೆ ನಡೆಯುತ್ತಿರುತ್ತದೆ; ಮೇಲೆ ಯಾರು ಏನೇ ಕೇಳಲಿ, ಉತ್ತರ ಕೊಟ್ಟಂತಿರಬೇಕು, ಕೊಟ್ಟಿರಬಾರದು. ಸ್ವರವನ್ನು ತಡೆಹಿಡಿಯುವುದರಲ್ಲಿ ಅವರಿಗೆ ಸಮನಾದವರು ಆ ಹಳೆಯ ಶತಮಾನದಲ್ಲೂ ಇದ್ದಿರಲಾರರು ಎಂದು ಮೇಷ್ಟ್ರು ಇಸ್ತ್ರಿ ಅಂಗಡಿಯವರಿಗೆ ಹೇಳಿದರಂತೆ. ಗ್ರಂಥಾಲಯದ ಚೀಟಿ ಒಂದು ವರ್ಷದ ಬಿಸಿಲಿಗೆ ಹಳದಿಯಾಗಿ ಇನ್ನೂ ಅಲ್ಲೇ ಇತ್ತು. ದೊಡ್ಡಮ್ಮ ಅದರಲ್ಲಿದ್ದ ವಿಳಾಸಕ್ಕೆ ಬರೆದರು.

ಒಂದು ಭಾನುವಾರ ಬೆಳಿಗ್ಗೆ ಪರೀಕ್ಷೆಗೆ ಕರೆ ಬಂತು. ಚೆಲ್ಲೋ ನುಡಿಸುವವರು ಪಶುವೈದ್ಯೆ. ಅವರ ಮನೆಯ ಮುಂದಿನ ಕೋಣೆಯಲ್ಲೇ ಅಭ್ಯಾಸ. ಫಿನಾಯಿಲ್ ವಾಸನೆ, ಮೂಲೆಯ ಬುಟ್ಟಿಯಲ್ಲಿ ಕಾಲಿಗೆ ಬ್ಯಾಂಡೇಜು ಸುತ್ತಿಸಿಕೊಂಡ ಬೆಕ್ಕು. ಕೊಳಲಿನವರು ಔಷಧಿ ಅಂಗಡಿ ಇಟ್ಟವರು, ತಂಡದ ಯಜಮಾನಿಕೆ ಅವರದೇ. ಎಂಟು ಸ್ವರದ ಒಂದು ಬೇಸ್ ಸಾಲನ್ನು ದೊಡ್ಡಮ್ಮನ ಮುಂದಿಟ್ಟು, ಇದನ್ನೇ ಸುತ್ತಿ ಸುತ್ತಿ ನುಡಿಸಬೇಕು, ಮೇಲಿನದ್ದು ನಿಮಗೆ ಬಿಟ್ಟದ್ದು ಎಂದು ಹೇಳಿ ಕೊಳಲೆತ್ತಿದರು.

ಮೂರನೆಯ ಸುತ್ತಿನಲ್ಲಿ ದೊಡ್ಡಮ್ಮ ಕೊಳಲಿನ ಮೇಲಿದ್ದ ಕೈ ನೋಡಿದರು. ಎಡಗೈಯ ಕಿರುಬೆರಳು ಹೊರಕ್ಕೆ ಸೊಟ್ಟ. ಹದಿನಾಲ್ಕು ತಿಂಗಳಿಂದ ಪ್ರತಿ ಗುರುವಾರ ಅರ್ಧಚಂದ್ರದ ಕಂಡಿಯಲ್ಲಿ ಬಂದು ಕಟ್ಟೆಯನ್ನು ಟಕಟಕ ಕುಟ್ಟುತ್ತಿದ್ದ ಬೆರಳು. ಗುರುತು ಹತ್ತಿದರೂ ದೊಡ್ಡಮ್ಮನ ಕೈ ನಿಲ್ಲಲಿಲ್ಲ. ಎದುರಿಗೆ ಯಾರೇ ಬರಲಿ ಕೈ ನಿಲ್ಲಬಾರದೆಂಬುದು ಅವರ ವೃತ್ತಿಯ ಮೊದಲ ಪಾಠ. ಅವರು ಒಂದು ಸ್ವರವನ್ನು ತಡೆಹಿಡಿದು, ಎಳೆದು, ಒಂದು ಉಸಿರು ಬಿಟ್ಟು, ಹುಸಿ ಮುಕ್ತಾಯ ಕೊಟ್ಟರು.

ಔಷಧಿ ಅಂಗಡಿಯವರು ಕೊಳಲು ಇಳಿಸಿದರು. ಇನ್ನೊಮ್ಮೆ ನುಡಿಸಲು ಹೇಳಿ ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ ಬಹಳ ವಿನಯದಿಂದ, "ಮೇಡಂ, 'ಆಗೋದೇ ಇಲ್ಲ ಅಂತ ನಾನು ಹೇಳ್ತಿಲ್ಲ.' ಇದನ್ನ ಒಂದ್ಸಲ ಹೇಳಿ ನೋಡೋಣ," ಎಂದರು.

ದೊಡ್ಡಮ್ಮ ಗಿಟಾರಿನ ಮೇಲೆ ಕಣ್ಣು ನೆಟ್ಟು ಹೇಳಿದರು.

"ನಮ್ಮನೇಲಿ ಹದಿನಾಲ್ಕು ತಿಂಗಳಿಂದ ಬಕೆಟ್ಟಲ್ಲಿ ಬದುಕ್ತಾ ಇದ್ದೀವಲ್ಲ ಡಾಕ್ಟ್ರೇ," ಎಂದರು ಕೊಳಲಿನವರು ಪಶುವೈದ್ಯೆಯ ಕಡೆ ತಿರುಗಿ. "ಅದು ಇವರ ಕೃಪೆ."

ಪಶುವೈದ್ಯೆ ನಕ್ಕ ನಗುವಿಗೆ ಬೆಕ್ಕು ಬುಟ್ಟಿಯಿಂದ ತಲೆಯೆತ್ತಿತು. ಔಷಧಿ ಅಂಗಡಿಯವರು ನಗಲಿಲ್ಲ. ಕೊಳಲನ್ನು ಬಟ್ಟೆಯಲ್ಲಿ ಸುತ್ತುತ್ತ, ನಿಮ್ಮ ಅರ್ಜಿ ತಲುಪಿದೆ, ಪರಿಶೀಲನೆಯಲ್ಲಿರುತ್ತದೆ, ಮುಂದಿನ ವಾರ ಬನ್ನಿ ಎಂದರು.

ಮುಂದಿನ ವಾರ ಡಾಕ್ಟರ ಅಭಿಪ್ರಾಯ ಕೇಳಬೇಕಾಗಿದೆ ಎಂದರು. ಅದರ ಮುಂದಿನ ವಾರ ನಿಮ್ಮ ಕಡೆಯಿಂದ ಎಲ್ಲ ಸರಿಯಾಗಿದೆ ಎಂದರು. ಐದು ಭಾನುವಾರ ದೊಡ್ಡಮ್ಮ ಗಿಟಾರ್ ಹೊತ್ತು ಎರಡು ಬಸ್ಸು ಬದಲಿಸಿ ಹೋಗಿ ಬಂದರು. ಮೊದಮೊದಲು ಅವರಿಗೆ ಆ ವಾಕ್ಯಗಳಲ್ಲಿ ಕಸುಬಿನ ಕುತೂಹಲವಷ್ಟೇ ಇತ್ತು. ಕೊಳಲಿನವರು ಕೊನೆಯ ಮಾತಿಗೆ ಮುಂಚೆ ಬಿಡಬೇಕಾದಷ್ಟು ಉಸಿರು ಬಿಡುವುದಿಲ್ಲ, ಅವಸರ ಮಾಡುತ್ತಾರೆ ಎಂದು ನನ್ನ ಬಳಿ ದೂರಿದರು. ನಾಲ್ಕನೆಯ ವಾರ ಔಷಧಿ ಅಂಗಡಿಯವರು ಆ ಉಸಿರನ್ನೂ ಕಲಿತಿದ್ದರು. ಆ ಸಂಜೆ ದೊಡ್ಡಮ್ಮ ಬಸ್‌ಸ್ಟಾಪಿನಲ್ಲಿ ಕೂತು ಬಂದ ಎರಡು ಬಸ್ಸುಗಳನ್ನೂ ಹೋಗಲು ಬಿಟ್ಟರು.

ದೊಡ್ಡಪ್ಪ ವಿಷಯ ಕೇಳಿ, ಮಾಡಿದ್ದುಣ್ಣೋ ಮಹಾರಾಯ ಎಂದು ಹೇಳಿ, ಮಹಾರಾಯನ ಜಾಗದಲ್ಲಿ ಮಹಾರಾಯ್ತಿ ಎಂದು ತಿದ್ದಿಕೊಂಡರು. ಆಮೇಲೆ, ಆ ಮನುಷ್ಯನ ನಲ್ಲಿ ಕೆಲಸ ಮಾಡಿಸಿಕೊಟ್ಟರೆ ಆಯಿತಲ್ಲ, ಅದರಲ್ಲೇನಿದೆ ಎಂದರು. ಕಿಟಕಿಯಲ್ಲಿ ತೆಗೆದುಕೊಂಡ ಅರ್ಜಿ ಆಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದು ಇಪ್ಪತ್ತಾರು ವರ್ಷದಲ್ಲಿ ದೊಡ್ಡಮ್ಮನಿಗೇ ಗೊತ್ತಿರಲಿಲ್ಲ. ಸಂಜೆ ನಾಲ್ಕಕ್ಕೆ ಒಬ್ಬ ಜವಾನ ಬಂದು ಬುಟ್ಟಿ ಎತ್ತಿಕೊಂಡು ಹೋಗುತ್ತಿದ್ದ. ಅಷ್ಟೇ.

ಮಾರನೆಯ ದಿನ ಊಟದ ಬಿಡುವಿನಲ್ಲಿ ದೊಡ್ಡಮ್ಮ ಮೊದಲ ಸಲ ಕಚೇರಿಯ ಮಹಡಿ ಹತ್ತಿದರು. ಮೊದಲನೆಯ ಅಂತಸ್ತಿನವರು ಎರಡನೆಯದಕ್ಕೆ ಕಳಿಸಿದರು, ಅಲ್ಲಿಯವರು ಮೂರನೆಯದಕ್ಕೆ. ಮೂರನೆಯ ಅಂತಸ್ತಿನ ಕೊನೆಯ ಕೋಣೆಯಲ್ಲಿ ನಕ್ಷೆಗಾರರೊಬ್ಬರು ಪೆನ್ಸಿಲ್ ಹೆರೆಯುತ್ತ ಕೂತಿದ್ದರು. ಹೆರೆದು ಮುಗಿದ ನಲವತ್ತು ಪೆನ್ಸಿಲ್‌ಗಳು ಮೇಜಿನ ಮೇಲೆ ಉದ್ದದ ಕ್ರಮದಲ್ಲಿ ಮಲಗಿದ್ದವು. ಹಿಂದಿನ ಗೋಡೆಗೆ ಆನಿಸಿ ಕಡತಗಳು ಎದೆಮಟ್ಟ.

ಯಾವ ವಿಭಾಗ ಎಂದು ಅವರು ಕೇಳಿದರು. ಕೆಳಗೆ, ಮೂರನೆಯ ಕಿಟಕಿ ಎಂದರು ದೊಡ್ಡಮ್ಮ.

"ಕೆಳಗಡೆ ಕಿಟಕಿ ಬೇರೆ ಇದೆಯಾ?" ಎಂದು ನಕ್ಷೆಗಾರರು ನಿಜವಾದ ಆಶ್ಚರ್ಯದಿಂದ ಕೇಳಿದರು. ದೊಡ್ಡಮ್ಮ ಗೋಡೆಯ ಕಡೆ ಬೆರಳು ತೋರಿಸಿ ಇವೆಲ್ಲ ಏನು ಎಂದು ವಿಚಾರಿಸಿದರು. "ಇನ್ನೂರಹನ್ನೆರಡು. ಎಲ್ಲ ಅರೆಬರೆ. ಹತ್ತಿರದ ಪೈಪಿಂದ ಮನೆಗೆ ಎಷ್ಟು ದೂರ ಅಂತ ಒಂದು ಕೈನಕ್ಷೆ ಬೇಕು, ಅರ್ಜಿದಾರರೇ ಗೀಚಿ ಕೊಟ್ರೂ ಸಾಕು. ಒಬ್ಬರೂ ಕೊಡಲ್ಲ. ಜನಕ್ಕೆ ನೀರು ಬೇಕಾಗಿಲ್ಲ ಅಂತ ಕಾಣತ್ತೆ."

ಆ ನಿಯಮ ಯಾವಾಗ ಬಂತು ಎಂದು ದೊಡ್ಡಮ್ಮ ಕೇಳಿದರು. ಒಂಬತ್ತು ವರ್ಷವಾಯಿತು, ಎಲ್ಲರಿಗೂ ಸುತ್ತೋಲೆ ಕಳಿಸಿದ್ದಾರಲ್ಲ ಎಂದರು ಅವರು.

ದೊಡ್ಡಮ್ಮ ಕೆಳಗಿಳಿದು ಬೀರು ತೆಗೆದರು. ಸುತ್ತೋಲೆಗಳ ಕಡತದಲ್ಲಿ ಅದು ಇತ್ತು. ಕೆಳಗೆ ಅವರದೇ ದುಂಡಗಿನ ಅಕ್ಷರದಲ್ಲಿ 'ನೋಡಿದೆ' ಎಂಬ ಷರಾ, ಸಹಿ, ತಾರೀಖು. ಸುತ್ತೋಲೆ ಬಂದರೆ ನೋಡಿ, ಸಹಿ ಹಾಕಿ, ಕಡತಕ್ಕೆ ಸೇರಿಸಬೇಕು. ಅವರು ನೋಡಿ, ಸಹಿ ಹಾಕಿ, ಸೇರಿಸಿದ್ದರು. ಜನರಿಗೆ ಹೇಳಬೇಕೆಂದು ಅದರಲ್ಲಿ ಬರೆದಿರಲಿಲ್ಲ. ರಟ್ಟಿನಲ್ಲಿ ಹನ್ನೆರಡನೆಯ ವಾಕ್ಯ ಇರಲಿಲ್ಲ. ಒಂಬತ್ತು ವರ್ಷ, ಬಂದವರಿಗೆಲ್ಲ, ನಿಮ್ಮ ಕಡೆಯಿಂದ ಎಲ್ಲ ಸರಿಯಾಗಿದೆ ಎಂದು ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು.

ಅಂದು ಮಧ್ಯಾಹ್ನ ಮೂರನೆಯ ಕಿಟಕಿಯ ಪರದೆ ಎಳೆದೇ ಇತ್ತು. ಒಳಗೆ ಬುತ್ತಿ ಬಿಚ್ಚದೆ ದೊಡ್ಡಮ್ಮ ಕೂತಿದ್ದರು.

ಮನೆಗೆ ಬಂದು ದೊಡ್ಡಪ್ಪನಿಗೆ ಎಲ್ಲ ಹೇಳಿದರು. ಅವರ ಬಾಯಲ್ಲಿ ಒಂದಾದರೂ ಚುಚ್ಚುಮಾತು ಬರುತ್ತದೆಂದು ನಾನು ಕಾದೆ, ಬರಲಿಲ್ಲ. ಅವರು ಎದ್ದು ಸ್ಟೂಲು ಹತ್ತಿ, ಮೇಲಿನ ಕಪಾಟಿನಿಂದ ಅಳತೆಯ ಟೇಪು ತೆಗೆದರು. "ಇನ್ನೊಂದು ತುದಿ ಹಿಡಿಯೋಕೆ ಒಬ್ಬರು ಬೇಕಲ್ಲ," ಎಂದರು.

ಶನಿವಾರ ಇಬ್ಬರೂ ಔಷಧಿ ಅಂಗಡಿಯವರ ಗಲ್ಲಿಗೆ ಹೋಗಿ ವಾಲ್ವಿನಿಂದ ಗೇಟಿನವರೆಗೆ ಅಳೆದರು. ಹದಿನಾಲ್ಕು ಮೀಟರು, ಇಪ್ಪತ್ತು ಸೆಂಟಿಮೀಟರು. ಮನೆಯೊಡತಿ ಜಗಲಿಗೆ ಬಂದು, ನೀವು ಯಾವ ಕಡೆಯವರು ಎಂದು ಕೇಳಿದ್ದಕ್ಕೆ ದೊಡ್ಡಪ್ಪ, ಗಿಟಾರ್ ಕಡೆಯವರು ಎಂದು ಹೇಳಿ ಟೇಪು ಸುತ್ತಿಕೊಂಡರು. ನಕ್ಷೆಯನ್ನು ದೊಡ್ಡಮ್ಮನೇ ಮಹಡಿ ಹತ್ತಿ ಕೊಟ್ಟರು. ನಕ್ಷೆಗಾರರು ಅದನ್ನು ಅನುಮಾನದಿಂದ ಹಿಂದೆ ಮುಂದೆ ತಿರುಗಿಸಿ ನೋಡಿ, ಒಂಬತ್ತು ವರ್ಷದಲ್ಲಿ ಮೊದಲ ಸಲ ಗೆರೆ ಎಳೆಯಲೆಂದು ಒಂದು ಪೆನ್ಸಿಲ್ ಕೈಗೆತ್ತಿಕೊಂಡರು. ಹತ್ತೊಂಬತ್ತನೆಯ ದಿನ ಆ ಮನೆಗೆ ನೀರು ಬಂತು.

ಮುಂದಿನ ಭಾನುವಾರ ಔಷಧಿ ಅಂಗಡಿಯವರು ತಲೆಗೂದಲು ಒದ್ದೆಯಾಗಿಯೇ ಬಂದಿದ್ದರು. ನೀರಿನ ಸುದ್ದಿ ಎತ್ತಲಿಲ್ಲ. ಬೇಸ್ ಹಾಳೆಯನ್ನು ದೊಡ್ಡಮ್ಮನ ಮುಂದಿಟ್ಟು, ಕುರ್ಚಿಯ ಧೂಳನ್ನು ತಾವೇ ಒರೆಸಿದರು. ಒಂದು ಗಂಟೆ ನುಡಿಸಿದ ಮೇಲೆ ದೊಡ್ಡಮ್ಮ, ನನ್ನ ಅರ್ಜಿಗೆ ಡಾಕ್ಟರ ಅಭಿಪ್ರಾಯ ಬಂತೇ ಎಂದು ಕೇಳಿದರು. ಪಶುವೈದ್ಯೆ ಚೆಲ್ಲೋದ ಹಿಂದಿನಿಂದ ಇಣುಕಿದರು.

"ನನ್ನದು ಮೊದಲನೇ ದಿನದಿಂದ್ಲೂ ಹೂಂ. ನನ್ನನ್ನ ಯಾರು ಕೇಳಿದ್ರು?"

ಹೀಗೆ ದೊಡ್ಡಮ್ಮ ತಂಡ ಸೇರಿದರು. ಆದರೆ ಮೇಲೆ ಗೋಡೆಗೆ ಆನಿಸಿ ಇನ್ನೂ ಇನ್ನೂರಹನ್ನೊಂದು ಕಡತಗಳಿದ್ದವು. ಸೋಮವಾರ ಕಿಟಕಿ ತೆರೆದು ಮೊದಲು ಬಂದ ಕೈಗೆ ಅವರು, ನಿಮ್ಮ ಅರ್ಜಿಗೆ ಒಂದು ಕೈನಕ್ಷೆ ಬೇಕಿತ್ತು, ನಾನು ಹೇಳಿರಲಿಲ್ಲ, ತಪ್ಪು ನನ್ನದು ಎಂದರು. ಆ ಕೈ ಮೆಲ್ಲಗೆ ಹಿಂದೆ ಸರಿಯಿತು. ಆ ವಾರ ಕೆಲವರು ಬೈದರು, ಒಬ್ಬರು ಗಾಜಿಗೆ ಗುದ್ದಿದರು. ಇನ್ನೂ ಕೆಲವರು, ಮೇಡಂ, ನೀವು ಹಾಗೆಲ್ಲ ಹೇಳಬೇಡಿ, ಮೊದಲಿನ ಹಾಗೇ ಹೇಳಿ ಎಂದು ಬೇಡಿಕೊಂಡರು. ನಿಜ ಕೇಳಿ ಅಭ್ಯಾಸವಿಲ್ಲದೆ ಅವರಿಗೆ ಹೆದರಿಕೆಯಾಗಿತ್ತು. ಮೇಲಧಿಕಾರಿಗಳಿಂದ ಒಂದು ಪತ್ರವೂ ಬಂತು. ಸಾರ್ವಜನಿಕರಲ್ಲಿ ಅನಗತ್ಯ ಭರವಸೆ ಮೂಡಿಸಿರುವ ಬಗ್ಗೆ ಏಳು ದಿನದೊಳಗೆ ವಿವರಣೆ ಕೊಡಿ ಎಂದಿತ್ತು. ನಿಮ್ಮ ಪತ್ರ ತಲುಪಿದೆ, ಪರಿಶೀಲನೆಯಲ್ಲಿದೆ ಎಂದು ದೊಡ್ಡಮ್ಮ ಉತ್ತರ ಬರೆದರು. ಆಮೇಲೆ ಆ ಬಗ್ಗೆ ಯಾರೂ ಕೇಳಲಿಲ್ಲ.

ನಷ್ಟವಾದದ್ದು ಮೇಷ್ಟ್ರಿಗೆ. ದೊಡ್ಡಮ್ಮ ಈಗ ಸ್ವರವನ್ನು ತಡೆಹಿಡಿಯುವುದೇ ಇಲ್ಲ, ಹಿಡಿದ ತಕ್ಷಣ ಇಳಿಸಿಬಿಡುತ್ತಾರೆ, ಕಲೆ ಹಾಳಾಯಿತು ಎಂದು ಅವರು ಕೊರಗಿದರು. ಕಚೇರಿಯ ಸತ್ಯವಂತಿಕೆಯನ್ನು ಇಲ್ಲಿಗೆ ತರಬೇಡಿ ಎಂದು ಕೈ ಮುಗಿದರು. ಹುಸಿ ಮುಕ್ತಾಯ ಮತ್ತೆ ಕೈಗೆ ಹತ್ತಲು ಎರಡು ತಿಂಗಳು ಹಿಡಿಯಿತು.

ಅಷ್ಟರಲ್ಲಿ ಗ್ರಂಥಾಲಯದಲ್ಲಿ ತಂಡದ ಸಂಗೀತ ಕಛೇರಿಯ ದಿನ ಗೊತ್ತಾಯಿತು. ಭಿತ್ತಿಪತ್ರ ಬರೆದವರು ಪಶುವೈದ್ಯೆ. ಕೊಳಲು ಎಂಬುದರ ಮುಂದೆ ಔಷಧಿ ಅಂಗಡಿ, ಚೆಲ್ಲೋ ಮುಂದೆ ದನದಾಸ್ಪತ್ರೆ, ಗಿಟಾರ್ ಮುಂದೆ ಮೂರನೆಯ ಕಿಟಕಿ ಎಂದು ತಮಾಷೆಗೆ ಬರೆದಿದ್ದರು. ಊರಿಗೆ ತಮಾಷೆ ತಿಳಿಯಲಿಲ್ಲ. ಶನಿವಾರ ಸಂಜೆ ಐದಕ್ಕೆ ಮೂರನೆಯ ಕಿಟಕಿ ಗ್ರಂಥಾಲಯದಲ್ಲಿ ತೆರೆದಿರುತ್ತದೆ ಎಂದು ಜನ ತಿಳಿದುಕೊಂಡರು.

ನಾಲ್ಕೂವರೆಗೆ ಗ್ರಂಥಪಾಲಕರು ಒಳಗೆ ಓಡಿಬಂದು, ಇಷ್ಟು ಜನ ಈ ಕಟ್ಟಡಕ್ಕೆ ಎಂದೂ ಬಂದಿಲ್ಲ, ಕುರ್ಚಿ ಸಾಲದು ಎಂದರು. ದೊಡ್ಡಮ್ಮ ಪುಸ್ತಕದ ಕಪಾಟಿನ ಹಿಂದಿನಿಂದ ಇಣುಕಿ ನೋಡಿದರು. ಎಪ್ಪತ್ತು, ಎಂಬತ್ತು ಮಂದಿ. ಎಲ್ಲರ ಕೈಯಲ್ಲೂ ಕಡತ, ಸುರುಳಿ ಸುತ್ತಿದ ಕೈನಕ್ಷೆ. ಬಂದವರು ಬಂದ ಕ್ರಮದಲ್ಲೇ ಸಾಲಾಗಿ ಕೂತಿದ್ದರು. ಯಾರೋ ಮುಂದಿನ ಖಾಲಿ ಜಾಗಕ್ಕೆ ಹೋಗಲು ಹೊರಟಾಗ, ಸಾಲಿನಲ್ಲಿ ಬನ್ನಿ ಸ್ವಾಮಿ ಎಂದು ಹಿಂದಿನವರು ಗದರಿದರು.

ದೊಡ್ಡಮ್ಮ ಕಪಾಟಿನ ಹಿಂದಕ್ಕೆ ಸರಿದರು. ತಾವು ಒಂಬತ್ತು ವರ್ಷ ಕಾಯಿಸಿದ ಜನ, ನಡುವೆ ಗಾಜಿಲ್ಲ. ಔಷಧಿ ಅಂಗಡಿಯವರು ಅವರ ಮುಖ ನೋಡಿ, ಹಿಂದಿನ ಬಾಗಿಲು ತೆರೆದೇ ಇದೆ, ಹೋಗುವುದಾದರೆ ನಾವಿಬ್ಬರೇ ಹೇಗೋ ಸುಧಾರಿಸುತ್ತೇವೆ ಎಂದರು. ಆಮೇಲೆ ಸ್ವಲ್ಪ ತಡೆದು, ತಂಡದಲ್ಲಿ ನಿಮ್ಮ ಜಾಗ ಹಾಗೇ ಇರುತ್ತದೆ ಎಂದೂ ಸೇರಿಸಿದರು. ದೊಡ್ಡಮ್ಮ ಗಿಟಾರ್ ಎತ್ತಿಕೊಂಡು ಹೊರಗೆ ಹೋಗಿ ಕೂತರು.

ಮೊದಲ ಸಲ ಅವರಿಗೆ ಆ ಕೈಗಳ ಮುಖಗಳು ಕಂಡವು. ಗಂಟುಬೆರಳಿನವರು ತಾವಂದುಕೊಂಡದ್ದಕ್ಕಿಂತ ಎಷ್ಟೋ ಚಿಕ್ಕವರು. ಬಳೆಯ ಸದ್ದಿನ ಹೆಂಗಸಿಗೆ ಒಂದು ಕಣ್ಣು ಮಂಜು. ಕೊಳಲು ಶುರುವಾಯಿತು, ಚೆಲ್ಲೋ ಸೇರಿತು, ಹಾಳೆಯಲ್ಲಿ ಒಂದೇ ಸಾಲು. ಮೊದಲ ಸುತ್ತಿನಲ್ಲಿ ದೊಡ್ಡಮ್ಮನ ಹೆಬ್ಬೆರಳು ಮಾತ್ರ ನಡೆಯಿತು. ಮೇಲೆ ಏನೂ ಬರಲಿಲ್ಲ. ಎರಡನೆಯ ಸುತ್ತಿನಲ್ಲಿ ಒಂದು ಸ್ವರ ಬಂತು, ತಪ್ಪಾಗಿ. ಅವರು ಅದನ್ನು ಮುಚ್ಚಿಹಾಕದೆ ಮುಂದಿನ ಸುತ್ತಿನಲ್ಲೂ ಬೇಕೆಂದೇ ನುಡಿಸಿದರು, ಅದರಿಂದ ಒಂದು ಮೆಟ್ಟಿಲು ಇಳಿದರು, ಮತ್ತೆ ಏರಿದರು. ಅಲ್ಲಿಂದ ಆಚೆಗೆ ಅದು ಯಾರೂ ಮೊದಲೇ ಬರೆದಿಟ್ಟದ್ದಾಗಿರಲಿಲ್ಲ. ಮೇಷ್ಟ್ರು ಕಂಬಕ್ಕೆ ಒರಗಿ ನಿಂತು ಕಣ್ಣುಮುಚ್ಚಿದ್ದರು. ದೊಡ್ಡಪ್ಪ ಗಡಿಯಾರ ನೋಡಲಿಲ್ಲ.

ರಚನೆ ಮುಗಿಯಿತು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಎಂಬತ್ತು ಜೊತೆ ಕಣ್ಣುಗಳು ದೊಡ್ಡಮ್ಮನನ್ನೇ ನೋಡುತ್ತಿದ್ದವು. ಮೊದಲ ಸಾಲಿನ ಮೊದಲ ಕುರ್ಚಿಯಲ್ಲಿದ್ದ ಮುದುಕಿ, ಏಳು ವರ್ಷದ ಹಿಂದಿನ ಅರ್ಜಿ, ಕಡತವನ್ನು ಎದೆಗವಚಿಕೊಂಡು ಎದ್ದು ನಿಂತರು.

"ಮುಗೀತಾ, ತಾಯಿ?"

ದೊಡ್ಡಮ್ಮ ಗಿಟಾರನ್ನು ಮಡಿಲಲ್ಲಿ ಮಲಗಿಸಿದರು. "ಇಲ್ಲಮ್ಮ," ಎಂದರು. "ಇನ್ನೂ ಎರಡಿದೆ. ಅದಾದ ಮೇಲೆ ಎಲ್ಲರ ನಕ್ಷೆ ಇಸ್ಕೊಳ್ತೀನಿ. ಇವತ್ತೇ."

ಮುದುಕಿ ಹಿಂದೆ ತಿರುಗಿ ಸಾಲನ್ನು ಒಮ್ಮೆ ನೋಡಿದರು, ಎಲ್ಲರ ಪರವಾಗಿ ಯೋಚಿಸುವವರಂತೆ. ಆಮೇಲೆ ಕೂತರು.

"ಹಾಗಾದ್ರೆ ನುಡಿಸಿ. ಕಾಯೋದು ನಮಗೇನು ಹೊಸದಲ್ಲ."

ಕಡತವನ್ನು ಮಡಿಲಿನಿಂದ ತೆಗೆದು ಕುರ್ಚಿಯ ಕೆಳಗಿಟ್ಟು, ಮುಂದಕ್ಕೆ ಬಾಗಿದರು.